ಡ್ರಮ್ ಕೋರ್ ಸ್ಪರ್ಧೆ: ನೋಡುವ ಬಗೆ, ತೂಗುವ ಬಗೆ

— ಅಂತಿಮ ಬಿ.ಎ. ವಿದ್ಯಾರ್ಥಿ

ಆಟವನ್ನು ನೋಡಲು ಕಣ್ಣಿದ್ದರೆ ಸಾಕು, ವಾದ್ಯವನ್ನು ಕೇಳಲು ಕಿವಿಯಿದ್ದರೆ ಸಾಕು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನೋಡಿ ಸಂತೋಷಪಡುವುದಷ್ಟೇ ನಮ್ಮ ಉದ್ದೇಶವಾದರೆ ಈ ಮಾತು ನಿಜವೇ. ಆದರೆ ನೋಡಿದ್ದನ್ನು ತೂಗಿ, ಇದು ಮೇಲು, ಇದು ಕೀಳು ಎಂದು ಹೇಳಬೇಕಾಗಿ ಬಂದಾಗ ನೋಡುವುದೂ ಒಂದು ವಿದ್ಯೆಯೆಂಬುದು ಅರಿವಿಗೆ ಬರುತ್ತದೆ. ಆ ವಿದ್ಯೆ ಇಲ್ಲದೆ ತೀರ್ಪು ಕೊಡಹೊರಟವನು ಪ್ರಾಮಾಣಿಕನಾಗಿದ್ದರೂ ಅನ್ಯಾಯ ಮಾಡಬಲ್ಲನು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಅನುಭವದಿಂದ ಕಲಿತೆನು.

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಎನ್.ಸಿ.ಸಿ. ಬ್ಯಾಂಡಿನಲ್ಲಿ ನಾನು ಸೈಡ್ ಡ್ರಮ್ ಬಾರಿಸುತ್ತಿದ್ದೆ. ಸ್ವಾತಂತ್ರ್ಯೋತ್ಸವದ ದಿನ ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ನಡೆದ ಕವಾಯತು ಸ್ಪರ್ಧೆಗೆ ನನ್ನನ್ನು ತೀರ್ಪುಗಾರರಲ್ಲಿ ಒಬ್ಬನನ್ನಾಗಿ ಕರೆದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕೈಗೆ ಕಾಗದ, ಪೆನ್ಸಿಲು ಬಂದುದೇ ತಡ, ನನಗೆ ತಿಳಿದ ಒಂದೇ ಕೆಲಸವನ್ನು ಮಾಡಿದೆ: ತಪ್ಪುಗಳನ್ನು ಎಣಿಸಿದೆ. ಒಂದು ತಂಡ ನೇರವಾಗಿ ಹೋಗಿ, ನೇರವಾಗಿ ಹಿಂದಿರುಗಿತು. ಅದರಲ್ಲಿ ಎರಡೇ ತಪ್ಪು. ಇನ್ನೊಂದು ತಂಡ ಡೋಲಿನ ಗತಿ ಬದಲಿಸಿ, ಸಾಲನ್ನು ಚಕ್ರವಾಗಿ ತಿರುಗಿಸಿ, ಚಕ್ರವನ್ನು ಮತ್ತೆ ಸಾಲಾಗಿ ಬಿಡಿಸಿತು. ಅದರಲ್ಲಿ ಒಂಬತ್ತು ತಪ್ಪು. ಬಹುಮಾನವನ್ನು ಮೊದಲನೆಯ ತಂಡಕ್ಕೆ ಕೊಡಿಸಿದೆ. ಸಭೆ ಮುಗಿದ ಮೇಲೆ ಎರಡನೆಯ ತಂಡದ ಡೋಲಿನ ಹುಡುಗ ನನ್ನ ಹತ್ತಿರ ಬಂದು, “ಅಣ್ಣಾ, ನಾವೂ ಸುಮ್ಮನೆ ನೇರವಾಗಿ ನಡೆದಿದ್ದರೆ ಸಾಕಾಗಿತ್ತೇ?” ಎಂದು ಕೇಳಿದನು. ಅವನ ದನಿಯಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳುವ ಇಚ್ಛೆಯಷ್ಟೇ ಇದ್ದಿತು. ನನಗೆ ಉತ್ತರ ತೋಚಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ, ನಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅಮೆರಿಕದ ಡ್ರಮ್ ಕೋರ್ ಸ್ಪರ್ಧೆಗಳ ಚಿತ್ರಮುದ್ರಣಗಳು ನನ್ನ ಕಣ್ಣಿಗೆ ಬಿದ್ದುವು. ಅಲ್ಲಿನ ತೀರ್ಪುಗಾರರು ಇದೇ ಪ್ರಶ್ನೆಯನ್ನು ಹಲವು ವರ್ಷ ಚರ್ಚಿಸಿ, ತಮ್ಮ ಪದ್ಧತಿಯನ್ನೇ ಬದಲಿಸಿಕೊಂಡರೆಂಬುದು ಓದಿ ತಿಳಿಯಿತು. ನಾನು ಅರಿತುಕೊಂಡಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಹುಟ್ಟು ಮತ್ತು ಬೆಳವಣಿಗೆ

ಡ್ರಮ್ ಕೋರ್ ಎಂದರೆ ಡ್ರಮ್ಮು, ಹಿತ್ತಾಳೆಯ ಕಹಳೆಗಳು ಮತ್ತು ಬಾವುಟ ಹಿಡಿದವರು ಕೂಡಿದ ದಳ. ಕೊಳಲು, ಕ್ಲಾರಿಯೊನೆಟ್ ಮೊದಲಾದ ಮರದ ವಾದ್ಯಗಳಿಗೆ ಇದರಲ್ಲಿ ಸ್ಥಾನವಿಲ್ಲ. ಇದರ ಮೂಲ ಸೈನ್ಯದಲ್ಲಿದೆ. ರಣರಂಗದಲ್ಲಿ ಆಜ್ಞೆಗಳನ್ನು ಕಹಳೆಯಿಂದಲೂ ಡ್ರಮ್ಮಿನಿಂದಲೂ ತಿಳಿಸುತ್ತಿದ್ದರಷ್ಟೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ನಿವೃತ್ತ ಯೋಧರ ಸಂಘಗಳು ಊರೂರಿನಲ್ಲಿ ಇಂತಹ ದಳಗಳನ್ನು ಕಟ್ಟಿದುವು. ಚರ್ಚುಗಳೂ ಸ್ಕೌಟ್ ಸಂಸ್ಥೆಗಳೂ ಕೈಗೂಡಿಸಿದುವು. ಸೈನ್ಯಕ್ಕೆ ಬೇಡವಾದ ಬ್ಯೂಗಲ್‌ಗಳು ಅಗ್ಗವಾಗಿ ದೊರೆಯುತ್ತಿದ್ದುವು. ಬೀದಿಯ ಹುಡುಗರಿಗೆ ಸಂಜೆಯ ಹೊತ್ತು ಒಂದು ಕೆಲಸ, ಒಂದು ಶಿಸ್ತು, ಒಂದು ಸಮವಸ್ತ್ರ ದೊರೆಯಿತು.

1971ರಲ್ಲಿ ಕೆಲವು ದಳಗಳ ಮುಖ್ಯಸ್ಥರು ಕೂಡಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಿಯಮಗಳನ್ನು ಹೊರಗಿನವರು ಮಾಡುವುದಕ್ಕಿಂತ ಬಾರಿಸುವವರೂ ಕಲಿಸುವವರೂ ಮಾಡುವುದು ಲೇಸೆಂದು ಅವರ ಅಭಿಪ್ರಾಯವಾಗಿದ್ದಿತು. ಈ ಸಂಸ್ಥೆಯ ಮೊದಲನೆಯ ಮಹಾಸ್ಪರ್ಧೆ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ ನಡೆಯಿತು. ಕ್ಯಾಲಿಫೋರ್ನಿಯದ ಅನಾಹೈಮ್ ಕಿಂಗ್ಸ್‌ಮೆನ್ ದಳ ಗೆದ್ದಿತು. 2009ರಿಂದ ಕೊನೆಯ ಸುತ್ತುಗಳು ಇಂಡಿಯಾನಾಪೊಲಿಸ್ ನಗರದ ಲ್ಯೂಕಾಸ್ ಆಯಿಲ್ ಕ್ರೀಡಾಂಗಣದಲ್ಲಿ ನಡೆಯುತ್ತ ಬಂದಿವೆ. ಸಾಂಕ್ರಾಮಿಕ ರೋಗದಿಂದಾಗಿ 2020ರಲ್ಲಿ ಇಡೀ ಬೇಸಗೆಯ ಪ್ರವಾಸವೇ ನಿಂತುಹೋಯಿತು.

ವಾದ್ಯಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ. ಮೊದಲಿನ ಬ್ಯೂಗಲ್‌ಗಳಿಗೆ ಸ್ವರ ಬದಲಿಸುವ ಕೀಲಿಗಳೇ ಇರಲಿಲ್ಲ. ಬರಬರುತ್ತ ಒಂದು, ಎರಡು, ಮೂರು ಕೀಲಿಗಳು ಸೇರಿದುವು. ನೆಲದ ಮೇಲಿಟ್ಟು ಬಾರಿಸುವ ಮರಿಂಬ, ಟಿಂಪನಿ ಮೊದಲಾದುವು 1980ರ ದಶಕದ ಆರಂಭದಿಂದ ಮೈದಾನದ ಮುಂದಿನ ಅಂಚಿನಲ್ಲಿ ನಿಂತುವು. 2004ರಲ್ಲಿ ಧ್ವನಿವರ್ಧಕಕ್ಕೂ 2009ರಲ್ಲಿ ವಿದ್ಯುತ್ ವಾದ್ಯಗಳಿಗೂ ಅನುಮತಿ ದೊರೆಯಿತು. ಪ್ರತಿಯೊಂದು ಬದಲಾವಣೆಗೂ ಹಳಬರು ಮುಖ ಸಿಂಡರಿಸಿದರು, ಹೊಸಬರು ಚಪ್ಪಾಳೆ ತಟ್ಟಿದರು. ಇದು ಎಲ್ಲ ಕಲೆಗಳಲ್ಲಿಯೂ ನಡೆಯುವ ಸಂಗತಿಯೇ.

ಬೇಸಗೆಯ ದಿನಚರಿ

ಒಂದು ದೊಡ್ಡ ದಳದಲ್ಲಿ ಸುಮಾರು 150 ಮಂದಿ ಇರುತ್ತಾರೆ. ಎಲ್ಲರೂ ಹದಿಹರೆಯದಿಂದ 21ರ ಸುಮಾರಿನ ವಯಸ್ಸಿನವರು. ಅಂದರೆ ನಮ್ಮ ನಿಮ್ಮ ವಯಸ್ಸಿನವರೇ. ಕಾಲೇಜಿಗೆ ರಜೆ ಬಂದೊಡನೆ ಒಂದೆಡೆ ಕೂಡಿ ಕೆಲವು ವಾರ ಬೆಳಗಿನಿಂದ ರಾತ್ರಿಯವರೆಗೆ ಅಭ್ಯಾಸ ಮಾಡುತ್ತಾರೆ. ಜೂನ್ ಕೊನೆಯ ಹೊತ್ತಿಗೆ ಪ್ರವಾಸ ಆರಂಭವಾಗುತ್ತದೆ. ರಾತ್ರಿ ಬಸ್ಸಿನಲ್ಲಿ ಪಯಣ, ಯಾವುದಾದರೊಂದು ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ನಿದ್ರೆ, ಹಗಲು ಬಿಸಿಲಿನಲ್ಲಿ ಅಭ್ಯಾಸ, ಸಂಜೆ ಸ್ಪರ್ಧೆ. ಆಗಸ್ಟಿನ ಎರಡನೆಯ ವಾರದ ಸುಮಾರಿಗೆ ಮಹಾಸ್ಪರ್ಧೆ. ಬೇಸಗೆಯುದ್ದಕ್ಕೂ ಅವರು ತಿದ್ದಿ ತಿದ್ದಿ ಆಡುವುದು ಒಂದೇ ಪ್ರದರ್ಶನವನ್ನು. ಅದರ ಅವಧಿ 12 ನಿಮಿಷ ಮೀರುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಈಗ ದೊಡ್ಡ ದಳಗಳಲ್ಲಿ ಸೇರಲು ಪ್ರತಿಯೊಬ್ಬನೂ ಸಾವಿರಾರು ಡಾಲರ್ ಶುಲ್ಕ ತೆರಬೇಕು. ಬೇಸಗೆಯಲ್ಲಿ ದುಡಿದು ಮುಂದಿನ ವರ್ಷದ ಓದಿಗೆ ಹಣ ಕೂಡಿಸುವ ಬಡ ವಿದ್ಯಾರ್ಥಿಗೆ ಆ ಸಂಪಾದನೆಯೂ ತಪ್ಪುತ್ತದೆ. ಬೀದಿಯ ಹುಡುಗರಿಗಾಗಿ ಹುಟ್ಟಿದ ಊರಿನ ದಳಗಳು ಬಹುಮಟ್ಟಿಗೆ ಮರೆಯಾಗಿ, ದೇಶದ ಎಲ್ಲೆಡೆಯಿಂದ ಆರಿಸಿ ತಂದ ಕೆಲವೇ ದಳಗಳು ಉಳಿದಿವೆ. ಕಲೆ ಬೆಳೆದಿದೆ; ಬಾಗಿಲು ಕಿರಿದಾಗಿದೆ. ರಜೆಯಲ್ಲಿ ಕೂಲಿಗೆ ಹೋಗಿ ಶುಲ್ಕ ಕಟ್ಟುವ ನಮ್ಮಂಥವರಿಗೆ ಈ ಮಾತು ಬೇಗ ಕಣ್ಣಿಗೆ ಬೀಳುತ್ತದೆ.

ಮೈದಾನದಲ್ಲಿ ನೋಡಬೇಕಾದುದು

ಪ್ರದರ್ಶನ ನಡೆಯುವುದು ಅಮೆರಿಕದ ಫುಟ್‌ಬಾಲ್ ಮೈದಾನದಲ್ಲಿ. ಅದರ ಉದ್ದ 100 ಗಜ, ಅಗಲ ಸುಮಾರು 53 ಗಜ. ಐದೈದು ಗಜಕ್ಕೊಂದು ಬಿಳಿಯ ಗೆರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಎಂಟು ಹೆಜ್ಜೆ ಇಡುವುದು ರೂಢಿ. ಲೆಕ್ಕ ಮಾಡಿದರೆ ಒಂದು ಹೆಜ್ಜೆಗೆ 22½ ಅಂಗುಲ. ಎತ್ತರದವನೂ ಗಿಡ್ಡನೂ ಇದೇ ಅಳತೆಗೆ ಕಾಲು ಹಾಕಬೇಕು. ಮುಂದಕ್ಕೆ, ಹಿಂದಕ್ಕೆ, ಓರೆಯಾಗಿ ನಡೆಯುವಾಗಲೂ ಎದೆ ಮತ್ತು ಕಹಳೆ ಪ್ರೇಕ್ಷಕರ ಕಡೆಗೇ ತಿರುಗಿರಬೇಕು. ಓಡುತ್ತ ಊದುವಾಗ ಉಸಿರು ಕುಲುಕಿದರೆ ಸ್ವರ ನಡುಗುತ್ತದೆ. ಆದುದರಿಂದ ಸೊಂಟದ ಕೆಳಗೆ ಓಟ, ಸೊಂಟದ ಮೇಲೆ ನಿಶ್ಚಲತೆ. ನೋಡುವವನು ಗಮನಿಸಬೇಕಾದ ಮೊದಲನೆಯ ಸಂಗತಿ ಇದು.

ಎರಡನೆಯದು ತಾಳ. ನಡೆಯುತ್ತ ಬಾರಿಸುವ ಡ್ರಮ್ಮಿನವರನ್ನು ಬ್ಯಾಟರಿ ಎನ್ನುತ್ತಾರೆ. ಇದರಲ್ಲಿ ಸ್ನೇರ್ ಡ್ರಮ್ಮುಗಳಿವೆ; ಒಬ್ಬನೇ ಹೊತ್ತು ಬಾರಿಸುವ ನಾಲ್ಕೈದು ಡ್ರಮ್ಮುಗಳ ಟೆನರ್ ಗೊಂಚಲುಗಳಿವೆ; ಸಾಮಾನ್ಯವಾಗಿ ಐದು ಮಂದಿ ಹೊರುವ ಬೇರೆ ಬೇರೆ ಗಾತ್ರದ ಬಾಸ್ ಡ್ರಮ್ಮುಗಳಿವೆ. ಬಾಸ್ ಡ್ರಮ್ಮಿನ ಒಂದು ಪಲುಕನ್ನು ಐವರೂ ಹಂಚಿಕೊಂಡು, ಒಬ್ಬೊಬ್ಬರು ಒಂದೊಂದು ಪೆಟ್ಟು ಹಾಕುತ್ತಾರೆ. ಐದು ಕೈಗಳಿಂದ ಬಂದರೂ ಒಂದೇ ಕೈಯಿಂದ ಬಂದಂತೆ ಕೇಳಿದರೆ ಅದು ಸರಿ.

ಇಲ್ಲಿಯೇ ಒಂದು ತೊಡಕಿದೆ. ಅದನ್ನು ಮೊದಲು ನನಗೆ ತೋರಿಸಿಕೊಟ್ಟವರು ನಮ್ಮ ತಂದೆಯವರು. ಅವರಿಗೆ ಓದುಬರಹವಿಲ್ಲ. ಒಂದು ರಾತ್ರಿ ನನ್ನ ಮೊಬೈಲಿನಲ್ಲಿ ಈ ಪ್ರದರ್ಶನವನ್ನು ಸ್ವಲ್ಪ ಹೊತ್ತು ನೋಡಿ, “ಕೆರೆಯ ಆ ದಡದಲ್ಲಿ ಬಟ್ಟೆ ಒಗೆಯುವವನ ಕೈ ಮೊದಲು ಕಾಣುತ್ತೆ, ಸದ್ದು ಆಮೇಲೆ ಬರುತ್ತೆ. ಇಷ್ಟು ದೂರ ದೂರ ನಿಂತವರಿಗೆ ಪೆಟ್ಟು ಒಂದೇ ಸಲ ಹೇಗೆ ಬೀಳುತ್ತೆ?” ಎಂದು ಕೇಳಿದರು. ವಾರಗಟ್ಟಲೆ ನೋಡಿದ್ದ ನನಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ!

ಲೆಕ್ಕವನ್ನು ನೋಡೋಣ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಮೈದಾನದ ಉದ್ದ ಸುಮಾರು 91 ಮೀಟರ್. ಈ ತುದಿಯ ಸದ್ದು ಆ ತುದಿಗೆ ಮುಟ್ಟಲು ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ನಿಮಿಷಕ್ಕೆ 180 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಇರುವ ಅಂತರವೇ ಸೆಕೆಂಡಿನ ಮೂರನೆಯ ಒಂದು ಭಾಗ. ಅಂದಮೇಲೆ ಎಲ್ಲರೂ ತಮ್ಮ ಕಿವಿಗೆ ಬಿದ್ದ ಸದ್ದನ್ನೇ ನಂಬಿದರೆ ಇಡೀ ಮೇಳ ಚೆದುರಿಹೋಗುವುದು.

ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದುದು. ಬ್ಯಾಟರಿ ಸಾಮಾನ್ಯವಾಗಿ ಹಿಂಭಾಗದಲ್ಲಿರುತ್ತದೆ. ಅದರ ಮುಖ್ಯ ಡ್ರಮ್ಮಿನವನು ಎತ್ತರದ ಪೀಠದ ಮೇಲೆ ನಿಂತ ಡ್ರಮ್ ಮೇಜರನ ಕೈಯನ್ನು ನೋಡಿ ಬಾರಿಸುತ್ತಾನೆ. ಬೆಳಕಿಗೆ ಸದ್ದಿನಂತೆ ತಡವಿಲ್ಲವಷ್ಟೆ. ಅವನಿಗಿಂತ ಮುಂದೆ ನಿಂತವರು ಕೈಯನ್ನು ನೋಡುವ ಬದಲು ಹಿಂದಿನಿಂದ ಬರುವ ಡ್ರಮ್ಮಿನ ಸದ್ದಿಗೆ ಕಿವಿಗೊಡುತ್ತಾರೆ. ಆ ಸದ್ದು ತಮ್ಮನ್ನು ದಾಟಿ ಹೋಗುವ ಕ್ಷಣದಲ್ಲಿ ತಮ್ಮ ಸ್ವರವನ್ನು ಅದರೊಡನೆ ಸೇರಿಸಿಬಿಡುತ್ತಾರೆ. ಹೀಗೆ ಹಿಂದಿನ ಸದ್ದೂ ಮುಂದಿನ ಸದ್ದೂ ಜೊತೆಯಾಗಿ ಪ್ರೇಕ್ಷಕರನ್ನು ಮುಟ್ಟುತ್ತವೆ. ಆದರೆ ಬ್ಯಾಟರಿ ಬದಿಗೋ ಮುಂದಕ್ಕೋ ಸರಿದಾಗ, ದಳ ಎರಡಾಗಿ ಸೀಳಿ ದೂರ ದೂರ ನಿಂತಾಗ, ಈ ಸೂತ್ರ ಸಡಿಲವಾಗುತ್ತದೆ; ಯಾರು ಯಾರಿಗೆ ಕಿವಿಗೊಡಬೇಕು ಎಂಬುದನ್ನು ಮತ್ತೆ ಗೊತ್ತುಮಾಡಬೇಕಾಗುತ್ತದೆ. ತಾಳ ತಪ್ಪುವ ಸಂಭವ ಅಲ್ಲಿಯೇ ಹೆಚ್ಚು. ಅರಿತು ನೋಡುವವನು ಆ ಜಾಗಗಳಿಗೆ ಕಾದಿರುತ್ತಾನೆ.

ಮೂರನೆಯದು ಬಾವುಟದವರ ಕೆಲಸ. ಅವರು ಬಾವುಟವನ್ನಲ್ಲದೆ, ಮರದ ಬಂದೂಕನ್ನೂ ಕತ್ತಿಯನ್ನೂ ಮೇಲಕ್ಕೆಸೆದು, ಅದು ಗಾಳಿಯಲ್ಲಿ ಹಲವು ಸುತ್ತು ತಿರುಗಿ ಬರುವಾಗ ಹಿಡಿಯುತ್ತಾರೆ. ಕೈತಪ್ಪಿದರೆ ಎಲ್ಲರಿಗೂ ಕಾಣುತ್ತದೆ. ಹಾಗಾಗಿಯೇ ಹೊಸಬನು ಮೊದಲು ಎಣಿಸುವುದು ಇದನ್ನೇ.

ತಪ್ಪಿನ ಗೀಟು

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿಂದೆ ಈ ಸ್ಪರ್ಧೆಗಳಲ್ಲಿ ಗೀಟಿನ ಪದ್ಧತಿ ಇದ್ದಿತು. ಅವರು ಅದನ್ನು ಟಿಕ್ ಪದ್ಧತಿ ಎನ್ನುತ್ತಿದ್ದರು. ತೀರ್ಪುಗಾರರು ಹಲಗೆ, ಪೆನ್ಸಿಲು ಹಿಡಿದು ಸಾಲುಗಳ ನಡುವೆಯೇ ಓಡಾಡುವರು. ಕಾಲು ತಪ್ಪಿತು, ಒಂದು ಗೀಟು. ಕೋಲು ತಡವಾಯಿತು, ಒಂದು ಗೀಟು. ಒಂದೊಂದು ಗೀಟಿಗೆ ಅಂಕದ ಹತ್ತನೆಯ ಒಂದು ಭಾಗ ಕಳೆಯುವುದು. ಒಟ್ಟು ಪರಿಣಾಮಕ್ಕೆ ಬೇರೆ ಅಂಕಗಳು ಇದ್ದುವಾದರೂ ನಡೆ, ನುಡಿಸುವಿಕೆಗಳ ಅಂಕ ಹೀಗೆ ಕಳೆಯುವ ಲೆಕ್ಕದಿಂದಲೇ ಬರುತ್ತಿದ್ದಿತು.

ಈ ಪದ್ಧತಿಯಲ್ಲಿ ಗುಣವಿಲ್ಲವೆಂದಲ್ಲ. ಎಣಿಕೆ ಎಲ್ಲರಿಗೂ ಅರ್ಥವಾಗುತ್ತದೆ. “ಏಕೆ ಸೋತೆವು?” ಎಂದರೆ ಗೀಟುಗಳನ್ನು ತೋರಿಸಬಹುದು. ತೀರ್ಪುಗಾರನ ರುಚಿಗೂ ಪಕ್ಷಪಾತಕ್ಕೂ ಎಡೆ ಕಡಿಮೆ. ಆದರೆ ದೋಷವೂ ಅಷ್ಟೇ ದೊಡ್ಡದು. ಕಷ್ಟವಾದುದನ್ನು ಮಾಡಹೊರಟವನಿಗೆ ತಪ್ಪುವ ಅವಕಾಶ ಹೆಚ್ಚು. ಸುಲಭವಾದುದನ್ನೇ ಮಾಡುವವನು ಗೀಟಿನಿಂದ ಪಾರಾಗುತ್ತಾನೆ. ಕಳೆಯುವ ಲೆಕ್ಕ ಕಲಿಸುವ ಪಾಠವೇನೆಂದರೆ, “ಹೆಚ್ಚು ಮಾಡಬೇಡ” ಎಂಬುದು.

1983ರ ಬೇಸಗೆಯ ಅನಂತರ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಈ ಗೀಟಿನ ಲೆಕ್ಕವನ್ನು ಕೈಬಿಟ್ಟು, 1984ರಿಂದ ಕಟ್ಟುವ ಲೆಕ್ಕವನ್ನು ತಂದಿತು. ಅಂದರೆ ಪೂರ್ಣ ಅಂಕದಿಂದ ಕಳೆಯುತ್ತ ಇಳಿಯುವ ಬದಲು, ಸಾಧಿಸಿದ್ದನ್ನು ನೋಡುತ್ತ ಏರುವುದು. ಇದೇ ಸುಮಾರಿನಲ್ಲಿ ನ್ಯೂಜೆರ್ಸಿಯ ಗಾರ್‌ಫೀಲ್ಡ್ ಕೆಡೆಟ್ಸ್ ದಳಕ್ಕಾಗಿ ಜಾರ್ಜ್ ಜಿಂಗಾಲಿ ಎಂಬ ವಿನ್ಯಾಸಕಾರನು ಹೊಸ ಬಗೆಯ ನಡೆಯನ್ನು ರಚಿಸಿದ್ದನು. ಅದುವರೆಗೆ ಎಡಬಲಗಳು ಒಂದಕ್ಕೊಂದು ಕನ್ನಡಿಯಂತಿರುವ ಚೌಕ, ಸಾಲುಗಳೇ ಹೆಚ್ಚು. ಈತನ ಆಕೃತಿಗಳು ನಿಲ್ಲದೆ ಹರಿದು, ಒಂದು ಕರಗುವಷ್ಟರಲ್ಲಿ ಇನ್ನೊಂದು ಮೂಡುವುವು. ಆ ದಳ 1983, 1984, 1985ರಲ್ಲಿ ಸತತವಾಗಿ ಮೂರು ಸಲ ಗೆದ್ದಿತು. 1934ರಲ್ಲಿ ಹುಟ್ಟಿದ ಈ ದಳ 2024ರಲ್ಲಿ ಮುಚ್ಚಿಹೋಯಿತಾದರೂ ಅದು ತೋರಿಸಿದ ದಾರಿಯಲ್ಲಿ ಇಂದು ಎಲ್ಲ ದಳಗಳೂ ನಡೆಯುತ್ತಿವೆ. ಮೊದಲನೆಯ ಗೆಲುವು ಗೀಟಿನ ಪದ್ಧತಿಯ ಕೊನೆಯ ವರ್ಷದಲ್ಲಿಯೇ ಬಂದುದನ್ನು ಮರೆಯಬಾರದು. ಸಾಹಸಿಗಳು ಕೆಟ್ಟ ನಿಯಮದೊಳಗೂ ಗೆಲ್ಲಬಲ್ಲರು. ಆದರೆ ಎಲ್ಲರೂ ಅಷ್ಟು ಗಟ್ಟಿಗರಲ್ಲ. ನಿಯಮ ಇರಬೇಕಾದುದು ಉಳಿದವರಿಗೂ ಧೈರ್ಯ ಕೊಡುವಂತೆ.

ಇಂದಿನ ಅಂಕಗಳ ಲೆಕ್ಕ

ಈಗ ಒಟ್ಟು ಅಂಕ 100. ಇದರಲ್ಲಿ 40 ಅಂಕ ಒಟ್ಟು ಪರಿಣಾಮಕ್ಕೆ, 30 ದೃಶ್ಯಕ್ಕೆ, 30 ಸಂಗೀತಕ್ಕೆ. ದೃಶ್ಯದಲ್ಲಿ ನಡೆಯ ನೈಪುಣ್ಯ, ರಚನೆಯ ವಿಶ್ಲೇಷಣೆ, ಬಾವುಟದವರ ಕೆಲಸ ಎಂದು ಮೂರು ಭಾಗ. ಸಂಗೀತದಲ್ಲಿ ಹಿತ್ತಾಳೆ ವಾದ್ಯ, ತಾಳವಾದ್ಯ, ವಿಶ್ಲೇಷಣೆ ಎಂದು ಮೂರು ಭಾಗ. ಒಂದೊಂದು ಭಾಗಕ್ಕೂ 20 ಅಂಕ. ಮೂರರ ಮೊತ್ತವನ್ನು ಅರ್ಧ ಮಾಡಿದರೆ 30 ಆಗುತ್ತದೆ. ಪ್ರತಿಯೊಬ್ಬ ತೀರ್ಪುಗಾರನೂ ತನಗೆ ಒಪ್ಪಿಸಿದ ಭಾಗವನ್ನು ಮಾತ್ರ ನೋಡುತ್ತಾನೆ.

ಇದರ ತಿರುಳಿರುವುದು ತೀರ್ಪುಗಾರನ ಹಾಳೆಯಲ್ಲಿ. ಆ ಹಾಳೆ ಎರಡು ಪ್ರಶ್ನೆ ಕೇಳುತ್ತದೆ: ಏನನ್ನು ಮಾಡಹೊರಟರು? ಅದನ್ನು ಹೇಗೆ ಮಾಡಿದರು? ಮೊದಲನೆಯದು ಯತ್ನ, ಎರಡನೆಯದು ಸಿದ್ಧಿ. ಎರಡಕ್ಕೂ ಬೇರೆ ಬೇರೆ ಅಂಕ. ಭಾರವಾದ ಕೆಲಸವನ್ನು ಎತ್ತಿಕೊಂಡು ಅರ್ಧದಲ್ಲಿ ಮುಗ್ಗರಿಸಿದವನಿಗೆ ಮೊದಲನೆಯದರಲ್ಲಿ ಲಾಭ, ಎರಡನೆಯದರಲ್ಲಿ ನಷ್ಟ. ಹಗುರವಾದುದನ್ನು ಅಂದವಾಗಿ ಮಾಡಿದವನಿಗೆ ಅದರ ವಿಪರ್ಯಾಸ. ಇಬ್ಬರಿಗೂ ತಮ್ಮ ಕೊರತೆ ಯಾವುದೆಂದು ತಿಳಿಯುತ್ತದೆ. ಬೇಸಗೆ ಮುಂದುವರಿದಂತೆ ಕೈ ಪಳಗಿ, ಜೂನಿನಲ್ಲಿ 70ರ ಆಸುಪಾಸಿನಲ್ಲಿದ್ದ ಅಂಕ ಆಗಸ್ಟಿನಲ್ಲಿ 90ನ್ನು ದಾಟುವುದುಂಟು. 2014ರಲ್ಲಿ ಬ್ಲೂ ಡೆವಿಲ್ಸ್ ದಳ 99.65 ಅಂಕ ಪಡೆಯಿತು.

ಒಂದು ಪ್ರದರ್ಶನವನ್ನು ತೂಗುವ ಯತ್ನ

ಉದಾಹರಣೆಗೆ 2008ರ ಮಹಾಸ್ಪರ್ಧೆಯನ್ನು ತೆಗೆದುಕೊಳ್ಳಬಹುದು. ಅದು ಇಂಡಿಯಾನ ರಾಜ್ಯದ ಬ್ಲೂಮಿಂಗ್‌ಟನ್‌ನಲ್ಲಿ ನಡೆಯಿತು. ಇಲಿನಾಯ್ ರಾಜ್ಯದ ರಾಕ್‌ಫರ್ಡಿನ ಫ್ಯಾಂಟಮ್ ರೆಜಿಮೆಂಟ್ ದಳ 98.125 ಅಂಕ ಪಡೆದು ಗೆದ್ದಿತು. ಬ್ಲೂ ಡೆವಿಲ್ಸ್ 98.100 ಪಡೆದು ಎರಡನೆಯದಾಯಿತು. ಅಂತರ 0.025, ಹಳೆಯ ಪದ್ಧತಿಯ ಒಂದು ಗೀಟಿನ ಕಾಲು ಭಾಗ!

ಫ್ಯಾಂಟಮ್ ರೆಜಿಮೆಂಟ್ ಆರಿಸಿಕೊಂಡ ವಸ್ತು ಸ್ಪಾರ್ಟಕಸನ ಕಥೆ. ಕ್ರಿ.ಪೂ. 73ರಲ್ಲಿ ರೋಮಿನ ಗುಲಾಮರನ್ನು ಕೂಡಿಸಿ ದಂಗೆಯೆದ್ದ ವೀರನವನು. ಖಚತುರಿಯನ್ ರಚಿಸಿದ ಬ್ಯಾಲೆಯ ಸಂಗೀತವನ್ನು ಅವರು ಬಳಸಿಕೊಂಡರು. ಕಥೆ ಮುಗಿಯುವ ಹೊತ್ತಿಗೆ ದಳದವರು ಒಬ್ಬರಾದ ಮೇಲೊಬ್ಬರು, ತಾನೇ ಸ್ಪಾರ್ಟಕಸ್ ಎಂದು ಕೂಗುತ್ತಾರೆ. ನಾಯಕನನ್ನು ಒಪ್ಪಿಸಿಕೊಡದೆ ಎಲ್ಲರೂ ನಾಯಕನ ಹೆಸರನ್ನು ಹೊರುವ ಆ ಗಳಿಗೆಯಲ್ಲಿ ಪ್ರೇಕ್ಷಕರು ಸುಮ್ಮನೆ ಕೂರಲಾರದೆ ಹೋದರು.

ನಾನು ಇದನ್ನು ಹಲವು ಸಲ ನೋಡಿದೆ. ಮೊದಲನೆಯ ಸಲ ಅಭ್ಯಾಸಬಲದಿಂದ ತಪ್ಪು ಹುಡುಕಿದೆ. ಹೆಚ್ಚು ಸಿಗಲಿಲ್ಲ, ಕಥೆಯೂ ಮನಸ್ಸಿಗೆ ಹತ್ತಲಿಲ್ಲ. ಎರಡನೆಯ ಸಲ ಕಾಗದ ಬದಿಗಿಟ್ಟು ಸುಮ್ಮನೆ ನೋಡಿದೆ. ಮೂರನೆಯ ಸಲ ಸದ್ದನ್ನು ಅಡಗಿಸಿ ಕಣ್ಣಿನಿಂದ ಮಾತ್ರ ನೋಡಿದೆ. ಸಂಗೀತ ಮುಚ್ಚಿಡುತ್ತಿದ್ದ ಸಾಲಿನ ಡೊಂಕುಗಳು ಆಗ ಕಂಡುವು. ನಾಲ್ಕನೆಯ ಸಲ ಕಣ್ಣು ಮುಚ್ಚಿ ಕೇಳಿದೆ. ಆಕೃತಿಯ ಸೊಗಸು ಮುಚ್ಚಿಡುತ್ತಿದ್ದ ಸ್ವರದ ನಡುಕ ಆಗ ಕೇಳಿಸಿತು. ಕೊನೆಗೆ ಎರಡನ್ನೂ ಕೂಡಿಸಿ ನೋಡಿದಾಗ, ಈ ಡೊಂಕು ಈ ನಡುಕಗಳು ಬಂದುದು ಏನನ್ನು ಎತ್ತಹೋಗಿ ಎಂಬುದು ಅರ್ಥವಾಯಿತು. ಮೈದಾನದ ತೀರ್ಪುಗಾರನಿಗೆ ಇಷ್ಟು ಅವಕಾಶವಿಲ್ಲ. ಅವನಿಗೆ ದೊರೆಯುವುದು ಒಂದೇ ನೋಟ. ಆದುದರಿಂದಲೇ ಕೆಲಸವನ್ನು ಹಲವರಲ್ಲಿ ಹಂಚಿದ್ದಾರೆ. 0.025ರಷ್ಟು ಅಂತರದಲ್ಲಿ ಒಂದು ದಳ ಇನ್ನೊಂದಕ್ಕಿಂತ ನಿಶ್ಚಯವಾಗಿ ಮೇಲೆಂದು ಅಳೆಯಬಲ್ಲ ತಕ್ಕಡಿ ಇದೆಯೆಂದು ನನಗೆ ತೋರುವುದಿಲ್ಲ. ತಕ್ಕಡಿಯ ಮುಳ್ಳು ಎಲ್ಲಿಯಾದರೂ ನಿಲ್ಲಲೇಬೇಕು, ಆ ದಿನ ಅಲ್ಲಿ ನಿಂತಿತು. ಇದನ್ನು ಸಂಸ್ಥೆಯೂ ಅರಿಯದೆ ಇಲ್ಲ. 1996, 1999, 2000ರಲ್ಲಿ ಎರಡೆರಡು ದಳಗಳು ಮೊದಲನೆಯ ಸ್ಥಾನವನ್ನು ಸಮವಾಗಿ ಹಂಚಿಕೊಂಡುವು.

ವಿಮರ್ಶೆಯ ನಡತೆ

ಈ ಸ್ಪರ್ಧೆಗಳಲ್ಲಿ ನನಗೆ ಬಹಳ ಮೆಚ್ಚಿಕೆಯಾದ ಪದ್ಧತಿಗಳು ಎರಡು. ಮೊದಲನೆಯದು, ತೀರ್ಪುಗಾರನು ನೋಡುತ್ತಿರುವಾಗಲೇ ತನ್ನ ಅನಿಸಿಕೆಯನ್ನು ಗಟ್ಟಿಯಾಗಿ ಹೇಳಿ ಧ್ವನಿಮುದ್ರಿಸುತ್ತಾನೆ. ಅದು ದಳದ ಶಿಕ್ಷಕರಿಗೆ ತಲುಪುತ್ತದೆ. ಎರಡನೆಯದು, ಸ್ಪರ್ಧೆ ಮುಗಿದ ರಾತ್ರಿ ಶಿಕ್ಷಕರೂ ತೀರ್ಪುಗಾರರೂ ಎದುರುಬದುರು ಕುಳಿತು ಕೆಲವು ನಿಮಿಷ ಮಾತನಾಡುವ ವಿಮರ್ಶಾಕೂಟ. “ನೀವು ಕಡಿಮೆ ಅಂಕ ಕೊಟ್ಟಿರಲ್ಲ, ಎಲ್ಲಿ ಕಂಡಿರಿ?” ಎಂದು ಕೇಳುವ ಹಕ್ಕು ಸೋತವನಿಗೆ ಇದೆ, ತೋರಿಸುವ ಹೊಣೆ ತೀರ್ಪುಗಾರನಿಗೆ ಇದೆ. ಅಂಕ ಮಾತ್ರ ಕೊಟ್ಟು ಎದ್ದುಹೋಗುವುದು ತೀರ್ಪು. ಕಾರಣ ಹೇಳಿ ಕುಳಿತುಕೊಳ್ಳುವುದು ವಿಮರ್ಶೆ.

ಒಳ್ಳೆಯ ವಿಮರ್ಶೆಯ ಮಾತು ಹೇಗಿರಬೇಕು? “ತಾಳ ತಪ್ಪಿತು” ಎಂದರೆ ಬೈಗುಳವಾಯಿತೇ ಹೊರತು ಸಹಾಯವಾಗಲಿಲ್ಲ. “ದಳ ಎರಡಾಗಿ ಸೀಳಿದ ಜಾಗದಲ್ಲಿ ಬಲಗಡೆಯ ಕಹಳೆಯವರು ಎಡಗಡೆಯವರ ಸದ್ದಿಗೆ ಕಿವಿಗೊಟ್ಟರು, ಆದುದರಿಂದ ಅರ್ಧ ಪೆಟ್ಟು ಹಿಂದಾದರು, ಅಲ್ಲಿ ಹಿಂದಿನ ಡ್ರಮ್ಮನ್ನು ನೆಚ್ಚಿದರೆ ಸರಿಹೋದೀತು” ಎಂದರೆ ಎಲ್ಲಿ, ಏಕೆ, ಮುಂದೇನು ಎಂಬ ಮೂರೂ ಅದರಲ್ಲಿ ಬಂದುವು. ಇಂತಹ ಮಾತು ಆಡಲು ತಪ್ಪನ್ನು ಕಂಡರಷ್ಟೇ ಸಾಲದು. ಅದು ಹುಟ್ಟಿದ ಜಾಗವನ್ನೂ ಕಾಣಬೇಕು. ಅದನ್ನು ಕಾಣಲು ಆಡುವವನ ಜೊತೆ ಒಂದು ಗಳಿಗೆ ಮೈದಾನದಲ್ಲಿ ನಿಲ್ಲಬೇಕು.

ಕಟ್ಟುವ ಲೆಕ್ಕಕ್ಕೂ ಆಕ್ಷೇಪಣೆಗಳಿವೆ. ರುಚಿಗೆ ಎಡೆ ಹೆಚ್ಚಿತು, ದೊಡ್ಡ ಹೆಸರಿನ ದಳಗಳಿಗೆ ಅನುಕೂಲವಾಯಿತು, ಗಹನತೆಯ ಹೆಸರಿನಲ್ಲಿ ಜನಕ್ಕೆ ಅರ್ಥವಾಗದ ಪ್ರದರ್ಶನಗಳು ಬಂದುವು ಎಂದು ಹಳಬರು ಗೊಣಗುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಯತ್ನವನ್ನೇ ಹೊಗಳುತ್ತ ಹೋದರೆ ಸಿದ್ಧಿಯ ಬೆಲೆ ಇಳಿದುಹೋಗುವುದು. ಬಿದ್ದ ಬಂದೂಕು ಬಿದ್ದದ್ದೇ. ಆದುದರಿಂದ ಎರಡು ಪ್ರಶ್ನೆಗಳಲ್ಲಿ ಯಾವುದನ್ನೂ ಬಿಡಲಾಗದು ಎಂಬುದೇ ನನಗೆ ದೊರೆತ ಪಾಠ.

ಉಪಸಂಹಾರ

ಈ ಮಾತು ಮೈದಾನಕ್ಕೆ ಮಾತ್ರ ಸಲ್ಲುವಂಥದಲ್ಲ. ಮೊದಲನೆಯ ವರ್ಷದಲ್ಲಿ ನಾನು ಇಂಗ್ಲಿಷ್ ಪ್ರಬಂಧ ಬರೆಯುವಾಗ ಕೆಂಪು ಶಾಯಿಗೆ ಹೆದರಿ, ಮೂರು ನಾಲ್ಕು ಶಬ್ದಗಳ ವಾಕ್ಯಗಳನ್ನೇ ಬರೆಯುತ್ತಿದ್ದೆ. ತಪ್ಪು ಬರುತ್ತಿರಲಿಲ್ಲ, ಹೇಳಬೇಕಾದುದೂ ಬರುತ್ತಿರಲಿಲ್ಲ. ಮನೆಯಲ್ಲಿ ತಿದ್ದುವವರಿಲ್ಲದ ನಮ್ಮಂಥ ಅನೇಕರು ಹೀಗೆಯೇ ನೇರವಾಗಿ ನಡೆದು ನೇರವಾಗಿ ಹಿಂದಿರುಗುವವರು. ಒಮ್ಮೆ ಅಧ್ಯಾಪಕರೊಬ್ಬರು ನನ್ನ ಉತ್ತರಪತ್ರಿಕೆಯ ಅಂಚಿನಲ್ಲಿ, “ತಪ್ಪಾದರೂ ಚಿಂತೆಯಿಲ್ಲ, ನಿನ್ನ ಮಾತನ್ನು ಬರೆ” ಎಂದು ಬರೆದರು. ಅದರ ಅರ್ಥ ಆಗ ನನಗೆ ಪೂರ್ತಿ ತಿಳಿದಿರಲಿಲ್ಲ.

ಈ ವರ್ಷ ಅದೇ ಶಾಲೆಯವರು ನನ್ನನ್ನು ಮತ್ತೆ ಕರೆದರು. ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಗಡೆ “ಏನು”, ಬಲಗಡೆ “ಹೇಗೆ” ಎಂದು ಬರೆದುಕೊಂಡು ಹೋದೆ. ಪ್ರತಿ ತಂಡದವರನ್ನೂ ಕರೆದು ಎರಡು ಕಡೆಯದನ್ನೂ ಓದಿ ಹೇಳಿದೆ. ಸೋತವರ ಮುಖ ಬಾಡಿತ್ತಾದರೂ ಅವರು ನಿಂತು ಕೇಳಿದರು. ಡೋಲಿನ ಆ ಹುಡುಗ ಶಾಲೆ ಬಿಟ್ಟು ಹೋಗಿದ್ದನು; ಈಗ ಎಲ್ಲಿದ್ದಾನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಕೇಳಿದ ಪ್ರಶ್ನೆಗೆ ನನ್ನ ಬಳಿ ಈಗ ಉತ್ತರವಿದೆ: “ಇಲ್ಲ ತಮ್ಮಾ, ಸಾಕಾಗುತ್ತಿರಲಿಲ್ಲ. ನೋಡಬೇಕಾದವನು ಸರಿಯಾಗಿ ನೋಡಲಿಲ್ಲ.” ಅದನ್ನು ಅವನಿಗೆ ಹೇಳುವ ಅವಕಾಶ ತಪ್ಪಿಹೋಯಿತು. ನಮ್ಮಲ್ಲಿ ಬಹುಮಂದಿ ನಾಳೆ ಉಪಾಧ್ಯಾಯರಾಗುವವರು, ಕೆಂಪು ಶಾಯಿಯ ಲೇಖನಿ ಹಿಡಿಯುವವರು. ಅವರಿಗಾದರೂ ಈ ಮಾತು ಮುಟ್ಟಲಿ ಎಂದು ಇಷ್ಟನ್ನು ಬರೆದಿದ್ದೇನೆ.